ಅಂಗಿ ಕರಗಿತು, ಹೊಲಿಗೆ ಉಳಿಯಿತು

2021ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಆಗ್ರೋಸ್ಕೋಪ್ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯ ಸೇರಿ, ಸುಮಾರು ಸಾವಿರ ಮಂದಿಗೆ ತಲಾ ಎರಡು ಬಿಳಿ ಹತ್ತಿಯ ಚಡ್ಡಿಗಳನ್ನು ಹಂಚಿದವು. ತೊಡುವುದಕ್ಕಲ್ಲ, ಹೂಳುವುದಕ್ಕೆ. ರೈತರು ಹೊಲದಲ್ಲಿ, ಪಟ್ಟಣಿಗರು ಹಿತ್ತಲಲ್ಲಿ ಅವನ್ನು ಹೂತರು. ಒಂದನ್ನು ಒಂದು ತಿಂಗಳಿಗೆ, ಇನ್ನೊಂದನ್ನು ಎರಡು ತಿಂಗಳಿಗೆ ಅಗೆದು ತೆಗೆದು ನೋಡಬೇಕು. ಹತ್ತಿ ಎಷ್ಟು ಮಾಯವಾಗಿದೆಯೋ ಆ ಮಣ್ಣು ಅಷ್ಟು ಜೀವಂತ ಎಂಬುದು ಲೆಕ್ಕ. ಮಣ್ಣು ಚುರುಕಾಗಿದ್ದಲ್ಲಿ ಕೈಗೆ ಸಿಗುವುದು ಸೊಂಟದ ಎಲಾಸ್ಟಿಕ್ ಪಟ್ಟಿ ಮತ್ತು ಒಂದಿಷ್ಟು ಹೊಲಿಗೆಯ ದಾರ ಮಾತ್ರ.

ನಗು ಬರುವಂಥ ಪ್ರಯೋಗ, ನಿಜ. ಆದರೆ ನಮ್ಮ ಹಳ್ಳಿಗಳಲ್ಲಿ ಮುಂಗಾರಿಗೆ ಮೊದಲು ತಿಪ್ಪೆ ಬಗೆದು ಗಾಡಿಗೆ ತುಂಬುವವರಿಗೆ ಇದು ಹೊಸ ಸಂಗತಿಯಲ್ಲ. ಹಿಂದಿನ ವರ್ಷ ತಿಪ್ಪೆ ಸೇರಿದ ಅಂಗಿ ಅವರಿಗೆ ಸಿಗುವುದಿಲ್ಲ. ಅಂಗಿಯ ಹೊಲಿಗೆ ಸಿಗುತ್ತದೆ. ಜೇಬಿನ ಚೌಕ, ಕಾಲರಿನ ಬಾಗು, ತೋಳಿನ ಸುತ್ತು ಎಲ್ಲವೂ ದಾರದಲ್ಲಿ ಹಾಗೆಯೇ ಇರುತ್ತದೆ, ಬಟ್ಟೆ ಮಾತ್ರ ಇಲ್ಲ. ಬಟ್ಟೆ ಹತ್ತಿಯದು, ದಾರ ಪಾಲಿಯೆಸ್ಟರಿನದು. ಒಂದು ಗಿಡದಿಂದ ಬಂದದ್ದು, ಇನ್ನೊಂದು ಪೆಟ್ರೋಲಿಯಂ ಎಣ್ಣೆಯಿಂದ ಬಂದದ್ದು. ಇವೆರಡರ ವ್ಯತ್ಯಾಸ ಅಂಗಡಿಯಲ್ಲಿ ಕಾಣದಿದ್ದರೂ ತಿಪ್ಪೆಗೆ ಗೊತ್ತಾಗುತ್ತದೆ.

ಮನೆಯ ಹಿತ್ತಲಲ್ಲಿ ಗೊಬ್ಬರ ಮಾಡಿಕೊಳ್ಳುವ ಹವ್ಯಾಸ ಈಚೆಗೆ ಪಟ್ಟಣಗಳಲ್ಲೂ ಹಬ್ಬಿದೆ. ತರಕಾರಿ ಸಿಪ್ಪೆ, ಒಣಗಿದ ಎಲೆಗಳಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನ ಬರುವುದು ಬೇರೆಯವುಗಳಲ್ಲಿ. ಬಾಚಣಿಗೆಯ ಕೂದಲು, ಕತ್ತರಿಸಿದ ಉಗುರು, ಹರಿದ ಬನಿಯನ್, ಹಳೆಯ ಹಾಸಿಗೆಯ ಹತ್ತಿ, ಮೊಟ್ಟೆಯ ಓಡು, ಕೋಳಿಯ ಪುಕ್ಕ, ಎಲುಬು, ಊದುಬತ್ತಿಯ ಕಡ್ಡಿ, ದೇವರ ಮೇಲಿನ ಹೂವು, ಹಳೆಯ ಪತ್ರಿಕೆ, ಸವೆದ ಚಪ್ಪಲಿ ಇವನ್ನು ಗುಂಡಿಗೆ ಹಾಕಬಹುದೆ? ಒಂದೊಂದಕ್ಕೂ ಒಂದೊಂದು ನಿಯಮ ಹುಡುಕುವುದಕ್ಕಿಂತ ಒಂದೇ ಪ್ರಶ್ನೆ ಕೇಳಿಕೊಳ್ಳುವುದು ಮೇಲು: ಇದು ಎಂದಾದರೂ ಜೀವವಾಗಿತ್ತೆ? ಆಗಿದ್ದರೆ ಇಂದಲ್ಲ ನಾಳೆ ಅದನ್ನು ತಿನ್ನುವ ಇನ್ನೊಂದು ಜೀವ ಮಣ್ಣಿನಲ್ಲಿ ಇದ್ದೇ ಇರುತ್ತದೆ. ಎಷ್ಟು ಕಾಲ ಬೇಕು, ಅದರ ಮೈಗೆ ಬೇರೇನಾದರೂ ಬಳಿದಿದ್ದಾರೆಯೆ ಎಂಬುದಷ್ಟೇ ಉಳಿದ ವಿಚಾರ.

ಹಳೆಯ ತಿಪ್ಪೆ ಮನೆಯಿಂದ ಬಂದದ್ದನ್ನೆಲ್ಲ ನುಂಗುತ್ತಿದ್ದುದರ ಗುಟ್ಟು ಇಷ್ಟೇ. ಆಗ ಮನೆಯಲ್ಲಿದ್ದ ವಸ್ತುಗಳಲ್ಲಿ ಮಣ್ಣು, ಲೋಹ, ಗಾಜುಗಳನ್ನು ಬಿಟ್ಟರೆ ಮಿಕ್ಕದ್ದೆಲ್ಲ ಹೊಲದಿಂದಲೋ ಕಾಡಿನಿಂದಲೋ ಕೊಟ್ಟಿಗೆಯಿಂದಲೋ ಬಂದದ್ದು. ಹಗ್ಗ ಪುಂಡಿಯ ನಾರಿನದು, ಬುಟ್ಟಿ ಬಿದಿರಿನದು, ಚಾಪೆ ಜೊಂಡಿನದು, ಊಟದೆಲೆ ಮುತ್ತುಗದ್ದು. ಹೂವು ಕಟ್ಟುತ್ತಿದ್ದುದು ಬಾಳೆಯ ನಾರಿನಲ್ಲಿ. ಕಸ ಬೇರ್ಪಡಿಸಬೇಕೆಂಬ ಮಾತೇ ಹುಟ್ಟಲಿಲ್ಲ, ಹುಟ್ಟಬೇಕಾದ ಅಗತ್ಯವೂ ಇರಲಿಲ್ಲ. ಬಳೆಚೂರು, ಮಡಕೆಚೂರು ಹಾಗೆಯೇ ಉಳಿದರೂ ಹೊಲಕ್ಕೆ ಅದರಿಂದ ಕೇಡಾಗುತ್ತಿರಲಿಲ್ಲ. ಬಳೆಚೂರು ಬರಿಗಾಲಿಗೆ ಚುಚ್ಚುತ್ತಿತ್ತು, ಅದು ಬೇರೆ ಮಾತು.

ಕನ್ನಡ ಮಾತಿನಲ್ಲಿ ತಿಪ್ಪೆಗೆ ಎರಡು ಮುಖ. ತಪ್ಪು ಮುಚ್ಚಿ ಮೇಲೆ ನಯ ಮಾಡುವುದು 'ತಿಪ್ಪೆ ಸಾರಿಸುವುದು'. ತಿಪ್ಪೆ ಹೋಗಿ ಉಪ್ಪರಿಗೆಯಾಗುತ್ತದೆ, ಉಪ್ಪರಿಗೆ ಹೋಗಿ ತಿಪ್ಪೆಯಾಗುತ್ತದೆ ಎಂಬ ಗಾದೆಯಲ್ಲಿ ಅದು ಕೀಳಿನ ಕೊನೆ. ಆದರೆ ಅದೇ ಜನ ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುವ ರೂಢಿ ಇತ್ತು. ಬಿಸಾಡಿದ ವಸ್ತುವೆಂದು ಸಾವು ಅದನ್ನು ಕಣ್ಣೆತ್ತಿ ನೋಡದಿರಲಿ ಎಂಬ ಆಸೆ. ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳಿಗೆ ಹೆಸರು ಬಂದದ್ದು ಬಹುಮಟ್ಟಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ. ಬಿಸಾಡುವ ಜಾಗವೂ ಅದೇ, ಬದುಕು ಮತ್ತೆ ಚಿಗುರುವ ಜಾಗವೂ ಅದೇ ಎಂಬ ತಿಳಿವಳಿಕೆ ಇಲ್ಲದೆ ಇಂಥ ರೂಢಿಗಳು ಹುಟ್ಟಲಾರವು.

ಗುಂಡಿಯೊಳಗೆ ನಡೆಯುವುದನ್ನು ಅಡುಗೆಗೆ ಹೋಲಿಸಬಹುದು, ಒಲೆಯಿಲ್ಲದ ಅಡುಗೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯ, ಬೂಷ್ಟುಗಳಿಗೆ ಮೈ ಶಾಖಕ್ಕೆ ಇಂಗಾಲ ಬೇಕು, ಮೈ ಬೆಳೆಯಲು ಸಾರಜನಕ ಬೇಕು. ಸಾರಜನಕ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದರೆ ಅವು ಹುಲುಸಾಗಿ ಬೆಳೆಯುತ್ತವೆ. ಒಣ ಹುಲ್ಲು, ಮರದ ಹೊಟ್ಟು, ಕಾಗದ, ಹತ್ತಿಬಟ್ಟೆ ಇವು ಬರೀ ಇಂಗಾಲದ ಕಡೆ ವಾಲುತ್ತವೆ. ಸಗಣಿ, ಗಂಜಲ, ಹಸಿರು ಸೊಪ್ಪು, ಕಾಳಿನ ಹೊಟ್ಟು ಸಾರಜನಕದ ಕಡೆ. ಎರಡೂ ಹದವಾಗಿ ಸೇರಿ ತೇವವೂ ಗಾಳಿಯೂ ಇದ್ದರೆ ರಾಶಿ ಕೆಲವೇ ದಿನಗಳಲ್ಲಿ 55–60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ; ಒಳಗೆ ಕೈ ಇಟ್ಟವನು ಒಡನೆ ತೆಗೆಯಬೇಕಾಗುತ್ತದೆ. ಈ ಶಾಖಕ್ಕೆ ನೊಣದ ಮರಿ, ಕಳೆಯ ಬೀಜ, ರೋಗದ ಜೀವಾಣುಗಳು ಬಹುಪಾಲು ಸಾಯುತ್ತವೆ. ಗಾಳಿ ಸಿಗದಿದ್ದರೆ ಬೇರೆ ಜಾತಿಯ ಬ್ಯಾಕ್ಟೀರಿಯಗಳ ಕಾರುಬಾರು. ಆಗ ಕೊಳೆತ ವಾಸನೆ ಬರುತ್ತದೆ. ಒಳ್ಳೆಯ ಗೊಬ್ಬರ ನಾರುವುದಿಲ್ಲ, ಮೊದಲ ಮಳೆಯ ಮಣ್ಣಿನ ಹಾಗೆ ಕಂಪಿಡುತ್ತದೆ. ಎರಡೂ ಕಡೆ ಆ ಕಂಪನ್ನು ಕೊಡುವುದು ಆಕ್ಟಿನೊಮೈಸೀಟ್ಸ್ ಎಂಬ ಒಂದೇ ಗುಂಪಿನ ಸೂಕ್ಷ್ಮಜೀವಿಗಳು.

ಇನ್ನು ಕೂದಲಿನ ಕಥೆ. ಅದು ಕೊಳೆಯುವುದೇ ಇಲ್ಲ ಎಂದು ನಂಬುವವರು ಬಹಳ. ಹಾಗೆ ನಂಬಲು ಕಾರಣವೂ ಉಂಟು. ಕೂದಲು, ಉಗುರು, ಉಣ್ಣೆ, ಪುಕ್ಕ, ಕೊಂಬು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಬಿಗಿದು ಹಿಡಿದಿರುತ್ತವೆ. ಮಾಂಸವನ್ನು ಕರಗಿಸುವ ಸಾಮಾನ್ಯ ಬ್ಯಾಕ್ಟೀರಿಯಗಳಿಗೆ ಈ ಕೊಂಡಿ ಬಿಚ್ಚಲು ಬಾರದು. ಆದರೆ ಮಣ್ಣಿನಲ್ಲಿ ಇದನ್ನೇ ಕಸುಬಾಗಿ ಮಾಡಿಕೊಂಡ ಬೂಷ್ಟುಗಳಿವೆ. ಬೆಲ್ಜಿಯಂನ ವಿಜ್ಞಾನಿ ವಾನ್‌ಬ್ರೂಸೆಘೆಮ್ 1952ರಲ್ಲಿ ಅವನ್ನು ಹಿಡಿಯಲು ಒಂದು ಸುಲಭ ಉಪಾಯ ತೋರಿಸಿದ. ತಟ್ಟೆಯಲ್ಲಿ ಒದ್ದೆ ಮಣ್ಣು ಹಾಕಿ ಮೇಲೆ ಕೂದಲು ಉದುರಿಸಿಟ್ಟರೆ ಕೆಲವು ವಾರಗಳಲ್ಲಿ ಕೂದಲಿನ ಸುತ್ತ ಬೂಷ್ಟು ಹಬ್ಬುತ್ತದೆ, ಗಾಳಕ್ಕೆ ಮೀನು ಬಿದ್ದ ಹಾಗೆ. ಮನುಷ್ಯರ ಚರ್ಮಕ್ಕೆ ಅಂಟುವ ಹುಳುಕಡ್ಡಿಯ ರೋಗಾಣುಗಳು ಈ ಬೂಷ್ಟುಗಳ ನೆಂಟರೇ.

ಕೂದಲಿನ ತೂಕದಲ್ಲಿ ಸುಮಾರು ನೂರಕ್ಕೆ 15 ಭಾಗ ಸಾರಜನಕ. ಹಳ್ಳಿಯ ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ನೂರಕ್ಕೆ ಅರ್ಧ ಭಾಗದ ಆಸುಪಾಸು. ಎಂದರೆ ಕೂದಲು ಬಡ ವಸ್ತುವಲ್ಲ, ನಿಧಾನದ ವಸ್ತು. ಅದನ್ನು ಉಂಡೆಯಾಗಿ ಹಾಕಿದರೆ ನೀರು ಇಳಿಯದೆ ಚಾಪೆಯಂತೆ ಕೂಡುತ್ತದೆ, ವರ್ಷ ಕಳೆದರೂ ಹಾಗೆಯೇ ಸಿಗುತ್ತದೆ. ಬಿಡಿಸಿ, ತುಂಡರಿಸಿ, ಎಲೆ ಸಗಣಿಗಳ ನಡುವೆ ತೆಳ್ಳಗೆ ಹರಡಿದರೆ ಸಾವಕಾಶವಾಗಿ ಕರಗುತ್ತದೆ. ಕ್ಷೌರದಂಗಡಿಯ ಕೂದಲಿಗೆ ಬಣ್ಣ ಹಚ್ಚಿದ್ದರೆ ಬಿಡುವುದು ಲೇಸು. ಉದ್ದನೆಯ ಹೆಂಗೂದಲು ಮಾತ್ರ ಗೊಬ್ಬರದ ಗುಂಡಿ ಸೇರುವುದು ಅಪರೂಪ. ಅದಕ್ಕೆ ಬೇರೆ ಬೆಲೆ ಇದೆ. ಮನೆ ಬಾಗಿಲಿಗೆ ಬಂದು ಬಾಚಣಿಗೆಯ ಕೂದಲನ್ನು ಪಾತ್ರೆಗೋ ಕಾಸಿಗೋ ಕೊಂಡುಹೋಗುವವರ ಸರಕು ಕೊಪ್ಪಳದ ಭಾಗ್ಯನಗರದಂಥ ಕಡೆ ಬಿಡಿಸಿ, ಹದಮಾಡಿ ಪರದೇಶಗಳಿಗೆ ಹೋಗುತ್ತದೆ.

ಉಣ್ಣೆಯ ವಿಚಾರದಲ್ಲಿ ಇದೇ ಜ್ಞಾನವನ್ನು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡಿತು. 1813ರ ಹೊತ್ತಿಗೆ ಬ್ಯಾಟ್ಲಿ ಎಂಬ ಊರಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ ಮತ್ತೆ ನೂಲುವ 'ಶಾಡಿ' ಉದ್ಯಮ ಶುರುವಾಯಿತು. ನೂಲಲು ಬಾರದ ಧೂಳು, ತುಂಡುಗಳನ್ನು ಸುತ್ತಲಿನ ರೈತರು ಗಾಡಿಗಟ್ಟಲೆ ಕೊಂಡು ರೂಬಾರ್ಬ್ ಎಂಬ ಹುಳಿದಂಟಿನ ಬೆಳೆಗೆ ಹಾಕಿದರು. ವೇಕ್‌ಫೀಲ್ಡ್, ಲೀಡ್ಸ್, ಬ್ರಾಡ್‌ಫರ್ಡ್ ನಡುವಿನ ಆ ಸೀಮೆ ಇಂದಿಗೂ ರೂಬಾರ್ಬಿಗೆ ಹೆಸರುವಾಸಿ. ಉಣ್ಣೆಯೊಡನೆ ದೂರದ ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳ ಬೀಜಗಳೂ ಅಂಟಿಕೊಂಡು ಬಂದು ಇಂಗ್ಲೆಂಡಿನ ಹೊಲಗಳಲ್ಲಿ ಪರದೇಶದ ಕಳೆಗಳು ಮೊಳೆತವು. ಅವನ್ನು ಹುಡುಕಿಕೊಂಡು ಸಸ್ಯಶಾಸ್ತ್ರಜ್ಞರು ಅಲೆದರು. ಕುರಿಯ ಮೈಗೆ ಅಂಟಿದ ಮುಳ್ಳುಬೀಜ ಎಲ್ಲಿಂದೆಲ್ಲಿಗೆ ಪಯಣ ಮಾಡಿತು! ಇಂದು ಶಾಡಿ ಉದ್ಯಮದ ದೊಡ್ಡ ಕೇಂದ್ರ ನಮ್ಮ ಹರಿಯಾಣದ ಪಾಣಿಪತ್. ಆದರೆ ಅಲ್ಲಿಗೆ ಬರುವ ಹಳೆಯ ಬಟ್ಟೆಯಲ್ಲಿ ಉಣ್ಣೆಯ ಜೊತೆ ಅಕ್ರಿಲಿಕ್, ಪಾಲಿಯೆಸ್ಟರ್ ಎಷ್ಟು ಬೆರೆತಿದೆಯೆಂದರೆ ಅದರ ಧೂಳನ್ನು ಹೊಲಕ್ಕೆ ಹಾಕುವ ಧೈರ್ಯ ಯಾವ ತಿಳಿದವನೂ ಮಾಡಲಾರ.

ಎಲುಬಿನದು ಇನ್ನೂ ನಿಧಾನ. ಅದರ ಬಲವಿರುವುದು ರಂಜಕದಲ್ಲಿ. ಇಡಿಯಾಗಿ ಹೂತರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ, ನಾಯಿ ಬಗೆಯುವ ಕಾಟ ಬೇರೆ. ಒಲೆಯಲ್ಲಿ ಸುಟ್ಟು ಕುಟ್ಟಿದರೆ ಸುಲಭವಾಗಿ ಪುಡಿಯಾಗುತ್ತದೆ. ಭಾರತದ ಬೇಸಾಯವನ್ನು ಪರಿಶೀಲಿಸಲು ಬಂದ ಜಾನ್ ಅಗಸ್ಟಸ್ ವೋಲ್ಕರ್ 1893ರ ತನ್ನ ವರದಿಯಲ್ಲಿ, ಈ ದೇಶದ ಎಲುಬು ಹಡಗೇರಿ ಹೊರಹೋಗುವುದೆಂದರೆ ಮಣ್ಣಿನ ಸತ್ವವೇ ಹೊರಹೋದಂತೆ ಎಂಬ ಮಾತನ್ನು ಚರ್ಚಿಸಿದ್ದಾನೆ. ಸಗಣಿಯನ್ನು ಬೆರಣಿ ತಟ್ಟಿ ಉರಿಸುವುದು ಸೌದೆಯ ಕೊರತೆಯಿಂದಲೇ ಹೊರತು ರೈತನ ಅಜ್ಞಾನದಿಂದಲ್ಲ ಎಂದೂ ಅವನು ಕಂಡುಕೊಂಡಿದ್ದ.

ವೋಲ್ಕರ್ ನಂತರ ಬಂದ ಆಲ್ಬರ್ಟ್ ಹೊವಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1905ರಲ್ಲಿ ಬಿಹಾರದ ಪೂಸಾಕ್ಕೆ ಸಸ್ಯಶಾಸ್ತ್ರಜ್ಞನಾಗಿ ಬಂದವನು ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಗುರುಗಳೆಂದು ಹೇಳಿಕೊಂಡ. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ, ಯಶವಂತ ವಾಡ್ ಎಂಬ ಸಹೋದ್ಯೋಗಿಯ ಜೊತೆ, ಹೊಲದ ಕಸ, ಸಗಣಿ, ಗಂಜಲ ಇಂಗಿದ ಕೊಟ್ಟಿಗೆಯ ಮಣ್ಣು, ಸೌದೆಯ ಬೂದಿ ಇವನ್ನು ಪದರ ಪದರವಾಗಿ ಹರಡಿ, ಮೂರು ಬಾರಿ ಮಗುಚಿ, ಮೂರು ತಿಂಗಳಲ್ಲಿ ಗೊಬ್ಬರ ಮಾಡುವ 'ಇಂದೂರು ವಿಧಾನ'ವನ್ನು ರೂಪಿಸಿದ. ಅದರಲ್ಲಿ ಹೊಸ ವಸ್ತು ಒಂದೂ ಇಲ್ಲ. ತಿಪ್ಪೆಗೆ ಬೀಳುತ್ತಿದ್ದವೇ ಎಲ್ಲ. ಹೊಸತೆಂದರೆ ಕ್ರಮ ಮತ್ತು ಲೆಕ್ಕ. ಗಂಜಲವನ್ನು ಚರಂಡಿಗೆ ಬಿಡದೆ ಮಣ್ಣಿನಲ್ಲಿ ಹಿಡಿದಿಡಬೇಕೆಂದು ಅವನು ಒತ್ತಿ ಹೇಳಿದ್ದು ಇಂದಿಗೂ ಬೇಕಾದ ಮಾತು. ನಮ್ಮ ಮಲೆನಾಡಿನ ಅಡಿಕೆ ತೋಟದವರು ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ ಅದೇ ಕೆಲಸವನ್ನು ಹೊವಾರ್ಡ್ ಹುಟ್ಟುವ ಮೊದಲಿನಿಂದಲೇ ಮಾಡಿಕೊಂಡು ಬಂದಿದ್ದರು.

ಹಳ್ಳಿಯ ರಾಶಿಗೆ ಇಂದೂರು ಹೆಸರು ಕೊಟ್ಟರೆ, ಪಟ್ಟಣದ ಕಸಕ್ಕೆ ಬೆಂಗಳೂರು ಹೆಸರು ಕೊಟ್ಟಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಬೀದಿಯ ಕಸ ಮತ್ತು ಮಲವನ್ನು ಕಂದಕದಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚುವ ಪದ್ಧತಿಯನ್ನು ರೂಪಿಸಿದರು. ಮೊದಲ ಎಂಟು ಹತ್ತು ದಿನ ಒಳಗೆ ಚೆನ್ನಾಗಿ ಕಾಯುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಮಾಗುತ್ತದೆ. ಮಗುಚುವ ಕೆಲಸವಿಲ್ಲ, ನೊಣದ ಕಾಟ ಕಡಿಮೆ, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಕೃಷಿಯ ಪಠ್ಯಪುಸ್ತಕಗಳಲ್ಲಿ 'ಬೆಂಗಳೂರು ವಿಧಾನ' ಎಂದು ಇದು ಇಂದಿಗೂ ಇದೆ. 1940ರ ದಶಕದಲ್ಲಿ ದೇಶದ ಅನೇಕ ಪುರಸಭೆಗಳು ಇದನ್ನು ಕೈಗೆತ್ತಿಕೊಂಡು ರೈತರಿಗೆ ಗೊಬ್ಬರ ಮಾರಿದವು.

ಈ ಕಥೆಯಲ್ಲಿ ಬರೀ ಜಾಣತನವಷ್ಟೇ ಇಲ್ಲ. ಆ ಮಲವನ್ನು ಕಂದಕದ ತನಕ ಹೊತ್ತು ತಂದವರು ಯಾರು? ಪುಸ್ತಕದ ಚಿತ್ರದಲ್ಲಿ ಪದರಗಳು ಕಾಣುತ್ತವೆ, ತಲೆಯ ಮೇಲಿನ ಬುಟ್ಟಿ ಕಾಣುವುದಿಲ್ಲ. ಒಂದೇ ಕಡೆಯ ಜನ, ತಲೆಮಾರಿನಿಂದ ತಲೆಮಾರಿಗೆ, ಜಾತಿಯ ಕಟ್ಟಿನಿಂದಾಗಿ ಆ ಕೆಲಸ ಮಾಡಿದರು. 1970ರ ದಶಕದಲ್ಲಿ ದೇವರಾಜ ಅರಸು ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತಿನ ಕಾನೂನುಗಳು 1993ರಲ್ಲಿ ಮತ್ತು 2013ರಲ್ಲಿ ಬಂದವು. ಗೊಬ್ಬರದ ಹಳೆಯ ಕಾಲವನ್ನು ಹೊಗಳುವಾಗ ಈ ಪುಟವನ್ನು ಹಾರಿಸಿ ಓದುವುದು ತಿಪ್ಪೆ ಸಾರಿಸಿದಂತೆಯೇ.

ಬೆಂಗಳೂರಿನ ಮುಂದಿನ ಕಥೆ ಎಲ್ಲರಿಗೂ ಗೊತ್ತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಆದರೆ ಅಷ್ಟರಲ್ಲೇ ಬುಟ್ಟಿಗೆ ಬೀಳುವ ಕಸ ಬದಲಾಗತೊಡಗಿತ್ತು. ಪ್ಲಾಸ್ಟಿಕ್ ಚೂರು, ಗಾಜು, ಬ್ಯಾಟರಿ ಸೆಲ್ ಬೆರೆತ ಗೊಬ್ಬರವನ್ನು ಹೊಲಕ್ಕೆ ಹಾಕಲು ರೈತ ಹಿಂಜರಿಯುವುದು ಸಹಜ. 2012ರಲ್ಲಿ ಮಾವಳ್ಳಿಪುರದ ಜನ ಕಸದ ಲಾರಿಗಳನ್ನು ತಡೆದಾಗ ನಗರದ ಬೀದಿಬೀದಿಯಲ್ಲಿ ರಾಶಿ ಬೆಳೆಯಿತು. ಗೊಬ್ಬರದ ಒಂದು ವಿಧಾನಕ್ಕೆ ತನ್ನ ಹೆಸರನ್ನೇ ಕೊಟ್ಟ ಊರಿಗೆ ತನ್ನ ಕಸವನ್ನು ಎಲ್ಲಿ ಸುರಿಯಬೇಕೆಂದು ತೋಚದೆ ಹೋಯಿತು. ವಿಧಾನ ಕೆಟ್ಟಿರಲಿಲ್ಲ, ಅದಕ್ಕೆ ಉಣಿಸುವ ಆಹಾರ ಕೆಟ್ಟಿತ್ತು.

ಹಿತ್ತಲ ಗುಂಡಿಯಲ್ಲಿಯೂ ನಡೆಯುವುದು ಇದೇ, ಪ್ರಮಾಣ ಮಾತ್ರ ಚಿಕ್ಕದು. ನೋಡಲು ಹಳೆಯವೇ ಆದ ಎಷ್ಟೋ ವಸ್ತುಗಳ ಒಡಲು ಬದಲಾಗಿದೆ. ಚಹಾದ ಚರಟ ಗುಲಾಬಿ ಗಿಡಕ್ಕೆ ಬಹಳ ಹಿಂದಿನಿಂದ ಹಾಕುವಂಥದ್ದು. ಅದೇ ಚಹಾ ಚೀಲದಲ್ಲಿ ಬಂದರೆ, ಕಾಗದದಂತೆ ಕಾಣುವ ಆ ಚೀಲವನ್ನು ಅಂಟಿಸಲು ಹಲವು ಕಂಪನಿಗಳು ಪಾಲಿಪ್ರೊಪಿಲೀನ್ ಎಳೆ ಬೆರೆಸಿರುತ್ತವೆ. ಪುಡಿಯನ್ನು ಸುರಿದು ಚೀಲವನ್ನು ಬೇರೆ ಹಾಕಬೇಕು. ದೇವರ ಹೂವು ಉತ್ತಮ ಗೊಬ್ಬರ, ಆದರೆ ಹಾರ ಕಟ್ಟಿದ ದಾರ ನೈಲಾನಿನದಾಗಿದ್ದರೆ ಅದು ಗುದ್ದಲಿಗೂ ಎರೆಹುಳಕ್ಕೂ ಸುತ್ತಿಕೊಳ್ಳುತ್ತದೆ. ಕಪ್ಪು ಅಕ್ಷರದ ಪತ್ರಿಕೆಯ ಹಾಳೆ ಹರಿದು ನೆನೆಸಿ ಹಾಕಲು ಅಡ್ಡಿಯಿಲ್ಲ, ಅದರ ಮಸಿಯ ಮುಖ್ಯ ಅಂಶ ಕಾಡಿಗೆಯೇ. ಅಂಗಡಿಯ ಯಂತ್ರದಿಂದ ಬರುವ ನುಣುಪು ರಸೀತಿ ಬೇಡ. ಶಾಖಕ್ಕೆ ಅಕ್ಷರ ಮೂಡಲೆಂದು ಅದರ ಮೇಲೆ ಬಿಸ್ಫಿನಾಲ್ ಜಾತಿಯ ರಾಸಾಯನಿಕ ಲೇಪಿಸಿರುತ್ತಾರೆ. ಮೊಟ್ಟೆಯ ಓಡು ಸುಣ್ಣದ ಕಲ್ಲಿನ ಜಾತಿ. ಪುಡಿ ಮಾಡದಿದ್ದರೆ ಹಾಗೆಯೇ ಕಾಣಿಸುತ್ತಿರುತ್ತದೆ, ಹುಳಿ ಮಣ್ಣಿನ ಮಲೆನಾಡಿನಲ್ಲಿ ಬೇಗ ಕರಗುತ್ತದೆ. ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಉಂಟು. ಹಸಿ ಸಗಣಿಯ ಜೊತೆ ಅತಿಯಾಗಿ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ.

'ಮಣ್ಣಿನಲ್ಲಿ ಕರಗುತ್ತದೆ' ಎಂದು ಮುದ್ರಿಸಿದ ಲೋಟ, ಚೀಲಗಳ ವಿಚಾರದಲ್ಲಿ ಎಚ್ಚರ ಬೇಕು. ಅವುಗಳಲ್ಲಿ ಬಹಳಷ್ಟು, ಜೋಳದ ಪಿಷ್ಟದಿಂದಲೇ ಆಗಿದ್ದರೂ, ಕರಗಲು 58–60 ಡಿಗ್ರಿಯ ಶಾಖ ವಾರಗಟ್ಟಲೆ ನಿಲ್ಲಬೇಕು. ದೊಡ್ಡ ಘಟಕಗಳಲ್ಲಿ ಅದು ಸಾಧ್ಯ. ಬಾಲ್ಕನಿಯ ಮಡಕೆಯಲ್ಲಿ ಆ ಶಾಖ ಹುಟ್ಟುವುದೇ ಇಲ್ಲ.

ಚಪ್ಪಲಿಯದು ಇದಕ್ಕಿಂತ ಹಳೆಯ ಪಾಠ. ತಂಗಡಿಯ ತೊಗಟೆಯಲ್ಲಿ ಹದಮಾಡಿದ ಚರ್ಮದ ಮೆಟ್ಟು ಸವೆದ ಮೇಲೆ ತಿಪ್ಪೆ ಸೇರಿ, ತಡವಾಗಿಯಾದರೂ ಮಣ್ಣಾಗುತ್ತಿತ್ತು. 20ನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಕ್ರೋಮ್ ಹದದ ಚರ್ಮವನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿದ್ದ. ನೀರಿಗೆ ಕೊಳೆಯದಿರುವುದೇ ಆ ಚರ್ಮದ ಹೆಚ್ಚುಗಾರಿಕೆ. ಕೊಳೆಯಬಾರದೆಂದೇ ಮಾಡಿದ ವಸ್ತುವನ್ನು ಕೊಳೆಯಲಿ ಎಂದು ಹೂಳುವುದು ವ್ಯರ್ಥ. ಜೊತೆಗೆ ಕ್ರೋಮಿಯಂ ಮಣ್ಣಿಗೆ ಸೇರುತ್ತದೆ.

ಹಾಗೆ ನೋಡಿದರೆ ಹಿಂದೆ ಬಟ್ಟೆ ಅಷ್ಟು ಸುಲಭವಾಗಿ ತಿಪ್ಪೆಗೆ ಬೀಳುತ್ತಲೇ ಇರಲಿಲ್ಲ. ಸೀರೆ ಹಳತಾದರೆ ತೊಟ್ಟಿಲಿಗೆ, ಆಮೇಲೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಗೆ, ಕೌದಿ ಹರಿದರೆ ನೆಲ ಒರೆಸಲು, ಉಳಿದ ಚೂರು ಒಲೆಯ ಮಸಿಬಟ್ಟೆಗೆ, ದೀಪದ ಬತ್ತಿಗೆ. ಇಷ್ಟೆಲ್ಲ ದಾಟಿ ಬಂದ ಹಿಡಿಯಷ್ಟು ನೂಲು ತಿಪ್ಪೆಗೆ ಎಷ್ಟರ ತುತ್ತು? ಈಗ ಒಂದೆರಡು ವರ್ಷ ತೊಟ್ಟ ಅಂಗಿ ನೇರವಾಗಿ ಬುಟ್ಟಿಗೆ ಬರುತ್ತದೆ, ಅದೂ ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಆಗಿ. ಅಂಥದ್ದರಲ್ಲಿ ಹತ್ತಿಯ ಪಾಲು ಕರಗಿ, ಮಿಕ್ಕ ಎಳೆ ನವಿರಾಗಿ ಒಡೆದು ಮಣ್ಣಿನಲ್ಲಿ ಬೆರೆತು ಉಳಿಯುತ್ತದೆ. ಇಡಿಯಾಗಿ ಸಿಗುವ ಹೊಲಿಗೆಯ ದಾರವನ್ನಾದರೂ ಕೈಯಿಂದ ಎತ್ತಿ ಬಿಸಾಡಬಹುದು, ಆ ನವಿರು ಎಳೆಯನ್ನು ಹೆಕ್ಕುವವರು ಯಾರೂ ಇಲ್ಲ.

ಹಳೆಯ ಬಟ್ಟೆಯನ್ನು ಗುಂಡಿಗೆ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಬೇಕು. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉದುರಿದರೆ ಹತ್ತಿ. ಕೂದಲು ಸುಟ್ಟ ಕಮಟು ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಮಣಿಯಾದರೆ ಅದರಲ್ಲಿ ಪಾಲಿಯೆಸ್ಟರೋ ನೈಲಾನೋ ಇದೆ ಎಂದರ್ಥ. ಹತ್ತಿಯೆಂದು ಖಾತ್ರಿಯಾದ ಮೇಲೆ ಗುಂಡಿ, ಎಲಾಸ್ಟಿಕ್, ಕತ್ತಿನ ಹಿಂದಿನ ಚೀಟಿ, ಹೊಲಿಗೆಯ ಅಂಚು ಇಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗೈ ಅಗಲದ ಚೂರು ಮಾಡಿ, ಒದ್ದೆ ಮಾಡಿ, ತರಕಾರಿ ಸಿಪ್ಪೆಯ ನಡುವೆ ಹರಡಿದರೆ ಸಾಕು. ಕಿತ್ತ ಗುಂಡಿಗಳನ್ನು ಡಬ್ಬಿಯಲ್ಲಿ ಹಾಕಿಟ್ಟರೆ ಮುಂದಿನ ಅಂಗಿಗೆ ಬರುತ್ತವೆ.